ನಾಟಿ, ಸೀಮೆ, ಕಳೆ, ತವರು ಗಿಡ: ಈ ಪದಗಳನ್ನು ಬಿಡಿಸಿ ಹೇಳುತ್ತೀರಾ?

ಹೊಸಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಎಂಟು ತಿಂಗಳಾಯಿತು. ಕಾಂಪೌಂಡ್ ಒಳಗೆ ಒಂದು ಪಕ್ಕ ಐದು ಅಡಿ ಅಗಲದ ಮಣ್ಣಿನ ಜಾಗ ಉಳಿಸಿಕೊಂಡಿದ್ದೇನೆ. ಸಿಮೆಂಟ್ ಹಾಕಿಸಿಬಿಡಿ ಅಂತ ಮೇಸ್ತ್ರಿ ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಅಜ್ಜಿ ಮನೆ ಹಿತ್ತಲಿಗೆ ಹಕ್ಕಿ, ಚಿಟ್ಟೆ ಬರುತ್ತಿದ್ದ ಹಾಗೆ ನಮ್ಮ ಮನೆಗೂ ಬರಬೇಕು ಅನ್ನೋದು ಆಸೆ.

ಆದರೆ ಓದಲು ಕೂತರೆ ಬರೀ ಕಷ್ಟದ ಪದಗಳು. ನೇಟಿವ್, ಎಂಡೆಮಿಕ್, ಇನ್ವೇಸಿವ್, ಹೋಸ್ಟ್ ಪ್ಲಾಂಟ್, ಕೀಸ್ಟೋನ್, ಹ್ಯಾಬಿಟ್ಯಾಟ್. ಕನ್ನಡದಲ್ಲಿ ಹುಡುಕಿದರೆ 'ಆಕ್ರಮಣಕಾರಿ ಅನ್ಯ ಪ್ರಭೇದ' ಅಂತ ಸಿಗುತ್ತದೆ. ಅದು ಇನ್ನೂ ಕಷ್ಟ. ನರ್ಸರಿಗೆ ಹೋಗಿ ನೇಟಿವ್ ಗಿಡ ಕೊಡಿ ಅಂದೆ. "ನಾಟಿನಾ? ಇದೆ ಮೇಡಂ" ಅಂತ ನಾಟಿ ಗುಲಾಬಿ, ಚೆಂಡುಹೂ ಸಸಿ, ಕಂಬದ ಹಾಗೆ ನೆಟ್ಟಗೆ ಬೆಳೆಯುವ ಒಂದು ಅಶೋಕ ಕೊಟ್ಟರು.

ಚಿಟ್ಟೆ ಬರಲೇ ಇಲ್ಲ. ಬಂದಿದ್ದು ಬರೀ ಹುಳ. ಕುಂಡದಲ್ಲಿದ್ದ ಕರಿಬೇವಿನ ಎಲೆಯನ್ನೆಲ್ಲ ತಿಂದುಹಾಕಿದವು. ಮೊದಲು ಹಕ್ಕಿ ಹಿಕ್ಕೆ ಥರ ಇದ್ದವು, ಆಮೇಲೆ ದಪ್ಪಗೆ ಹಸಿರಾದವು. ಅಂಗಡಿಯಲ್ಲಿ ಕೊಟ್ಟ ಔಷಧಿ ಹೊಡೆದ ಮೇಲೆ ಹೋದವು. ಇನ್ನು ಮುಂದೆ ಏನು ನೆಡಲಿ? ಮೊದಲು ಈ ಪದಗಳನ್ನು ಯಾರಾದರೂ ನಮ್ಮ ಮಾತಿನಲ್ಲಿ ಹೇಳಿದರೆ ದೊಡ್ಡ ಉಪಕಾರ.

ಕಾನುಮನೆ, ಶಿರಸಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾಟಿ ಅನ್ನೋ ಪದದಿಂದಲೇ ಶುರು ಮಾಡುತ್ತೇನೆ. ಜಾಸ್ತಿ ಗೊಂದಲ ಆಗೋದು ಅಲ್ಲೇ.

ನಾಟಿ ಅಥವಾ ಜವಾರಿ ಅಂದರೆ ಹೈಬ್ರಿಡ್ ಅಲ್ಲದ ಹಳೇ ತಳಿ. ನಾಟಿ ಟೊಮೇಟೊ ಅಂತೀವಿ, ಆದರೆ ಟೊಮೇಟೊ ದಕ್ಷಿಣ ಅಮೆರಿಕದಿಂದ ಬಂದ ಗಿಡ. ನೇಟಿವ್ ಅಂದರೆ ಬೇರೆ. ಮನುಷ್ಯರು ತಂದು ಹಾಕದೆ, ತಾನಾಗಿಯೇ ಒಂದು ನೆಲದಲ್ಲಿ ಸಾವಿರಾರು ವರ್ಷ ಬೆಳೆದುಕೊಂಡು ಬಂದ ಗಿಡ ಅದು. ಅಲ್ಲಿನ ಮಳೆ, ಮಣ್ಣು, ಹುಳ, ಹಕ್ಕಿ ಎಲ್ಲದರ ಜೊತೆ ಅದಕ್ಕೆ ಹಳೇ ಒಡನಾಟ ಇರುತ್ತದೆ. ನಾನು 'ಈ ನೆಲದ ಗಿಡ' ಅನ್ನುತ್ತೇನೆ. ಹೊಂಗೆ, ಮುತ್ತುಗ, ಕಕ್ಕೆ, ನೇರಳೆ, ಅತ್ತಿ, ತುಂಬೆ, ಎಕ್ಕ, ಕರಿಬೇವು ಎಲ್ಲ ಹಾಗೆ. ನಿಮ್ಮ ಚೆಂಡುಹೂವಿನ ತವರು ಮೆಕ್ಸಿಕೊ ಕಡೆ. ಮುಟ್ಟಿದರೆ ಮುನಿಯ ತವರೂ ಅಮೆರಿಕವೇ. ಅಶೋಕದ ವಿಷಯ ಆಮೇಲೆ ಹೇಳುತ್ತೇನೆ.

ಯಾವ ಗಿಡ ಹೊರಗಿನದು ಅಂತ ನಮ್ಮ ಹಿರಿಯರು ಹೆಸರಲ್ಲೇ ಗುರುತು ಇಟ್ಟುಬಿಟ್ಟಿದ್ದಾರೆ. ಸೀಮೆಹುಣಸೆ, ಸೀಮೆಬದನೆ. ದೂರದ ಸೀಮೆಯಿಂದ ಬಂದದ್ದಕ್ಕೆಲ್ಲ 'ಸೀಮೆ' ಸೇರಿಸಿದರು, ಸೀಮೆಎಣ್ಣೆಗೆ ಸೇರಿಸಿದ ಹಾಗೆ. ಈ ಎರಡು ಗಿಡಗಳೂ ಮೆಕ್ಸಿಕೊ ಮತ್ತು ಅದರ ಸುತ್ತಿನವು. ಪರಂಗಿ ಹಣ್ಣು ಪರಂಗಿಯವರ ಜೊತೆ ಬಂದದ್ದು. ಮೆಣಸು ನಮ್ಮ ಘಟ್ಟದ ಬಳ್ಳಿ. ಅದರ ಖಾರವನ್ನೇ ಹೋಲುವ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದಾಗ ಅದಕ್ಕೆ ಮೆಣಸಿನಕಾಯಿ ಅಂದರು. ನನಗೆ ಇದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ. ಭಾಷೆಯೇ ಗಿಡಗಳ ಊರು ಕೇರಿ ಬರೆದಿಟ್ಟುಕೊಂಡಿದೆ.

ಎಂಡೆಮಿಕ್ ಅಂದರೆ ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಮಾತ್ರ ಇದೆ, ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಇಲ್ಲ. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಪ್ರಾಣಿ. ಮುರುಗಲು ಘಟ್ಟದ್ದೇ ಮರ. ನೇರಳೆ ಈ ನೆಲದ್ದೇ, ಆದರೆ ಇಲ್ಲಿ ಮಾತ್ರ ಇರುವಂಥದ್ದಲ್ಲ.

ಇನ್ನೊಂದು ಮಾತು. ನೇಟಿವ್ ಅಂದ ಕೂಡಲೇ ಯಾವ ಜಾಗಕ್ಕೆ ಅಂತ ಕೇಳಬೇಕು. ನಮ್ಮ ಮುರುಗಲು ತುಮಕೂರಿನ ಒಣ ನೆಲದ್ದಲ್ಲ. ಒಮ್ಮೆ ದೇವರಾಯನದುರ್ಗದ ತಪ್ಪಲಲ್ಲಿ ಓಡಾಡಿ ಬನ್ನಿ. ಯಾರೂ ನೀರು ಹಾಕದೆ ಅಲ್ಲಿ ಬೆಳೆದದ್ದೇ ನಿಮ್ಮ ಪಟ್ಟಿ.

ಮಹಡಿ ತೋಟ, ಬೆಂಗಳೂರು

ಅಕ್ಕ, ನಿಮ್ಮ ಕರಿಬೇವಿನ ಹುಳದ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ಚಿಟ್ಟೆ ಬಂದಿತ್ತು ಅಕ್ಕ. ನೀವು ಹೊಡೆದ ಹುಳಗಳೇ ಚಿಟ್ಟೆ.

ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಅಂತ ಎರಡು ಚಿಟ್ಟೆಗಳಿವೆ. ಕರಿಬೇವು, ನಿಂಬೆ ಜಾತಿಯ ಗಿಡಗಳ ಮೇಲೆ ಮೊಟ್ಟೆ ಇಡುತ್ತವೆ. ನನ್ನ ಮಹಡಿಯಲ್ಲಿ ಒಂದು ಡ್ರಮ್ಮಿನಲ್ಲಿ ಕರಿಬೇವು ಇದೆ. ಐದು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಚಿಟ್ಟೆ ಚಿಗುರೆಲೆ ಮೇಲೆ ರೆಕ್ಕೆ ಬಡಿಯುತ್ತಲೇ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಅಂಟಿಸುತ್ತದೆ. ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ. ಹೊರಬಂದ ಮರಿಹುಳ ಕಪ್ಪು ಬಿಳಿ ಇರುತ್ತದೆ. ಹಕ್ಕಿ ಹಿಕ್ಕೆ ಅಂತ ನೀವು ಅಂದುಕೊಂಡಿರಿ, ಹಕ್ಕಿಗಳೂ ಹಾಗೇ ಅಂದುಕೊಂಡು ಬಿಟ್ಟುಬಿಡುತ್ತವೆ. ದೊಡ್ಡದಾದಂತೆ ಎಲೆಯ ಹಸಿರಿಗೆ ತಿರುಗುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚುತ್ತದೆ. ಹುಳಿ ಹುಳಿ ವಾಸನೆ ಗಪ್ಪನೆ ಬರುತ್ತದೆ. ಕೊನೆಗೆ ಒಂದು ಕಡ್ಡಿಗೆ ಒರಗಿ, ನಡುವಿಗೆ ತೆಳ್ಳನೆ ದಾರ ಕಟ್ಟಿಕೊಂಡು ಗೂಡಾಗುತ್ತದೆ. ಆ ದಾರ ನೋಡಲು ಬೆಳಗಿನ ಓರೆ ಬಿಸಿಲು ಬೇಕು.

ಹೋಸ್ಟ್ ಪ್ಲಾಂಟ್ ಅಂದರೆ ಇದೇ. ಪುಸ್ತಕದಲ್ಲಿ ಆತಿಥೇಯ ಸಸ್ಯ ಅಂತ ಬರೆಯುತ್ತಾರೆ. ನಾನು ಮಕ್ಕಳಿಗೆ ತವರು ಗಿಡ ಅಂತ ಹೇಳಿಕೊಡುತ್ತೇನೆ. ಚಿಟ್ಟೆ ಯಾವ ಹೂವಿನಲ್ಲಾದರೂ ಮಕರಂದ ಕುಡಿಯುತ್ತದೆ. ಆದರೆ ಹೆರಿಗೆಗೆ ತವರಿಗೇ ಬರಬೇಕು. ಮರಿ ತಿನ್ನುವುದು ಆ ಎಲೆ ಮಾತ್ರ. ಎಕ್ಕ ಪ್ಲೇನ್ ಟೈಗರ್‌ಗೆ ತವರು. ಕಕ್ಕೆ ಎಮಿಗ್ರಂಟ್ ಚಿಟ್ಟೆಗೆ. ಈಶ್ವರಿ ಬಳ್ಳಿ ಕ್ರಿಮ್ಸನ್ ರೋಸ್ ಚಿಟ್ಟೆಗೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಈಶ್ವರಿ ಬಳ್ಳಿಯ ಬಳಗದ ಮೇಲೇ ಮೊಟ್ಟೆ ಇಡುವುದು.

ಎಲೆ ತಿಂದರೆ ಗಿಡ ಸಾಯುವುದಿಲ್ಲ ಅಕ್ಕ. ಎರಡು ವಾರದಲ್ಲಿ ಮತ್ತೆ ಚಿಗುರುತ್ತದೆ. ಟುವ್ವಿ ಹಕ್ಕಿ, ಪಿಕಳಾರ ಎಲ್ಲ ತಮ್ಮ ಮರಿಗಳಿಗೆ ತಿನ್ನಿಸುವುದೂ ಇಂಥ ಹುಳಗಳನ್ನೇ. ಹುಳ ಬೇಡ, ಹಕ್ಕಿ ಬೇಕು ಅಂದರೆ ಆಗುವುದಿಲ್ಲ.

ಹೊಸಮನೆ, ತುಮಕೂರು

ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಹತ್ತು ಹನ್ನೆರಡು ಇದ್ದವು. ಒಂದು ಕೆಂಪು ಕೊಂಬು ತೆಗೆದಿತ್ತು, ನಾನು ಹೆದರಿ ಹಿಂದೆ ಸರಿದಿದ್ದೆ. ಔಷಧಿ ಬಾಟಲಿ ತೆಗೆದಿಟ್ಟಿದ್ದೇನೆ. ಇನ್ನು ಹೊಡೆಯುವುದಿಲ್ಲ. ಸಾರಿಗೆ ಬೇಕಾದರೆ ಅಂಗಡಿಯಲ್ಲಿ ಕರಿಬೇವು ತರುತ್ತೇನೆ, ಕುಂಡದ ಗಿಡ ಅವಕ್ಕೇ ಇರಲಿ.

ಬೆಟ್ಟದ ತಪ್ಪಲು, ಚಾಮರಾಜನಗರ

ಗೊತ್ತಿಲ್ಲದೆ ಆಗಿದ್ದು ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಇನ್ವೇಸಿವ್ ಅಂದರೆ ಏನು ಅಂತ ನಾನು ಹೇಳುತ್ತೇನೆ. ನಮ್ಮೂರಿನವರಿಗೆ ಅದು ದಿನಾ ಕಣ್ಣೆದುರಿನ ವಿಷಯ.

ಹೊರಗಿನಿಂದ ಬಂದ ಗಿಡಗಳೆಲ್ಲ ಕೆಟ್ಟವಲ್ಲ. ಬಂದವುಗಳಲ್ಲಿ ಕೆಲವು ಮಾತ್ರ ಯಾರ ಹಿಡಿತಕ್ಕೂ ಸಿಗದೆ ಹಬ್ಬುತ್ತವೆ. ತಿನ್ನುವ ಹುಳ ಇಲ್ಲಿರುವುದಿಲ್ಲ, ಮೇಯುವ ಪ್ರಾಣಿ ಮುಟ್ಟುವುದಿಲ್ಲ. ಪಕ್ಕದ ಗಿಡಗಳ ಜಾಗ, ಬೆಳಕು, ನೀರು ಎಲ್ಲವನ್ನೂ ಕಿತ್ತುಕೊಳ್ಳುತ್ತವೆ. ಅದಕ್ಕೇ ಇನ್ವೇಸಿವ್ ಅನ್ನುವುದು. ನಾವು 'ಮುತ್ತಿಕೊಳ್ಳುವ ಗಿಡ' ಅನ್ನಬಹುದು.

ಲಂಟಾನ ನೋಡಿ. ಬೇಲಿಗೆ, ಅಂದಕ್ಕೆ ಅಂತ 1800ರ ದಶಕದ ಆರಂಭದಲ್ಲಿ ಬ್ರಿಟಿಷರ ಕಾಲದಲ್ಲಿ ಅಮೆರಿಕ ಕಡೆಯಿಂದ ಬಂದ ಗಿಡ. ಈಗ ಬಿಳಿಗಿರಿರಂಗನ ಬೆಟ್ಟದಲ್ಲಿ, ಬಂಡೀಪುರದಲ್ಲಿ ರಸ್ತೆಯಿಂದ ಇಳಿದರೆ ಅದೇ. ಆಳೆತ್ತರ ಪೊದೆ, ಒಳಗೆ ನುಗ್ಗಲು ಆಗುವುದಿಲ್ಲ. ಬಗ್ಗಿ ಕೆಳಗೆ ನೋಡಿದರೆ ಒಂದು ಹುಲ್ಲು ಕಡ್ಡಿ ಇರುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ ಏನು ತಿನ್ನಬೇಕು? ಹಣ್ಣನ್ನು ಪಿಕಳಾರ ತಿಂದು ಬೀಜವನ್ನು ಇನ್ನೂ ದೂರ ಬಿತ್ತುತ್ತದೆ.

ಬೆಟ್ಟದ ಸೋಲಿಗ ಹಿರಿಯರು ಒಂದು ಮಾತು ಹೇಳುತ್ತಾರೆ. ಮೊದಲು ಬೇಸಿಗೆ ಶುರುವಿನಲ್ಲೇ ತರಗು ಬೆಂಕಿ ಹಾಕುತ್ತಿದ್ದರಂತೆ. ಒಣಗಿದ ಎಲೆ ಮಾತ್ರ ಸುಡುವ ಚಿಕ್ಕ ಬೆಂಕಿ ಅದು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಿತು ಅನ್ನುತ್ತಾರೆ. ಕಾಡಿನೊಳಗೇ ಹುಟ್ಟಿ ಬೆಳೆದವರ ಮಾತಿಗೆ ನಾನಂತೂ ಬೆಲೆ ಕೊಡುತ್ತೇನೆ. 2011ರಲ್ಲಿ ಆ ಕಾಡಿನ ಮೇಲೆ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು, ಬೆತ್ತದ ಹಾಗೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ಗಟ್ಟಿಮುಟ್ಟಾಗಿ ಬರುತ್ತದೆ. ಆದರೆ ಇಡೀ ಕಾಡಿನ ಲಂಟಾನ ಕುರ್ಚಿಯಿಂದ ಮುಗಿಯುವಂಥದ್ದಲ್ಲ.

ಈಗ ಅದರ ಜೊತೆಗೆ ಸೆನ್ನ ಸ್ಪೆಕ್ಟಾಬಿಲಿಸ್ ಅಂತ ಇನ್ನೊಂದು ಮರ ಬಂದಿದೆ. ನಾಗರಹೊಳೆ, ಬಂಡೀಪುರದಲ್ಲೂ ಇದೆ. ಹಳದಿ ಹೂ ಗೊಂಚಲು ಗೊಂಚಲಾಗಿ ಬಿಡುತ್ತದೆ, ನೋಡಿದವರು ಫೋಟೋ ತೆಗೆಯುತ್ತಾರೆ. ಕಡಿದರೆ ಬುಡದಿಂದ ಹತ್ತು ಚಿಗುರು. ಅದನ್ನು ದಯವಿಟ್ಟು ಯಾರೂ ಮನೆ ಮುಂದೆ ನೆಡಬೇಡಿ.

ಕೆರೆ ಏರಿ, ಹಾಸನ

ಒಂದು ಅನುಮಾನ. ನಮ್ಮ ಬೇಲಿ ಲಂಟಾನ ಮೇಲೆ ದಿನಾ ಹತ್ತಾರು ಚಿಟ್ಟೆ ಕೂತಿರುತ್ತವೆ. ಚಿಟ್ಟೆಗೆ ಇಷ್ಟ ಆದ ಗಿಡ ಕೆಟ್ಟದ್ದು ಹೇಗಾಗುತ್ತದೆ?

ಮಹಡಿ ತೋಟ, ಬೆಂಗಳೂರು

ಕೂರುತ್ತವೆ, ನಿಜ. ಲಂಟಾನ ಹೂವಿನಲ್ಲಿ ಮಕರಂದ ಚೆನ್ನಾಗಿದೆ. ಆದರೆ ಆ ಚಿಟ್ಟೆಗಳ ಮರಿಗಳು ಅದರ ಎಲೆ ತಿಂದು ಬೆಳೆಯಲಾರವು. ಅವುಗಳ ತವರು ಗಿಡಗಳನ್ನು ಲಂಟಾನ ಅದುಮಿ ಹಾಕಿದರೆ ಮುಂದಿನ ವರ್ಷ ಕೂರಲು ಚಿಟ್ಟೆ ಎಲ್ಲಿಂದ ಬರಬೇಕು? ಮಕರಂದಕ್ಕೆ ತುಂಬೆ, ಕೇಪಳ, ಗೊರಟೆ ಹಾಕಿ. ಎಸಳು ಎಸಳಾಗಿ ದುಂಡಗೆ ಬಿಡುವ ಜೋಡಿ ದಾಸವಾಳಕ್ಕಿಂತ ಐದು ಎಸಳಿನ ಸಾದಾ ದಾಸವಾಳ ಹಾಕಿ. ಸೂರಕ್ಕಿಯ ಕೊಕ್ಕಿಗೆ ಅದರ ಬುಡ ಸುಲಭವಾಗಿ ಸಿಗುತ್ತದೆ.

ಬೆಟ್ಟದ ತಪ್ಪಲು, ಚಾಮರಾಜನಗರ

ಕಳೆ ಅನ್ನೋ ಪದವನ್ನೂ ಬೇರೆ ಮಾಡಿಕೊಳ್ಳಿ. ಕಳೆ ಅಂದರೆ ನಮಗೆ ಬೇಡದ ಕಡೆ ಹುಟ್ಟಿದ ಗಿಡ, ಅಷ್ಟೇ. ರಾಗಿ ಹೊಲದಲ್ಲಿ ತುಂಬೆ ಕಳೆ. ಅದೇ ತುಂಬೆ ಶಿವನ ಪೂಜೆಗೆ ಬೇಕು, ಜೇನಿಗೂ ಬೇಕು, ಮತ್ತು ಅದು ಈ ನೆಲದ್ದೇ ಗಿಡ. ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ, ಕಳೆಯೂ ಹೌದು, ಮುತ್ತಿಕೊಳ್ಳುವ ಗಿಡವೂ ಹೌದು. 1955ರ ಹೊತ್ತಿಗೆ ಪುಣೆಯಲ್ಲಿ ಗಮನಕ್ಕೆ ಬಂದದ್ದು ಈಗ ದೇಶದ ತುಂಬ ಇದೆ. ಒಂದೇ ಗಿಡ ಹತ್ತು ಸಾವಿರಕ್ಕೂ ಜಾಸ್ತಿ ಬೀಜ ಉದುರಿಸುತ್ತದೆ. ಕೈಗೆ ತಾಗಿದರೆ ಕೆಲವರಿಗೆ ತುರಿಕೆ, ಗಾಳಿಗೆ ಬಂದರೆ ಉಬ್ಬಸ.

ಅದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಜೈವಿಕ ನಿಯಂತ್ರಣ ಅನ್ನೋ ಪದ ಓದಿದ್ದರೆ, ಅದು ಇದೇ. ತವರಿನ ಶತ್ರುವನ್ನೇ ಪರೀಕ್ಷೆ ಮಾಡಿ ತಂದು ಬಿಡುವುದು. ಮಳೆಗಾಲದಲ್ಲಿ ಜೀರುಂಡೆ ಚೆನ್ನಾಗಿ ಮೇಯುತ್ತದೆ, ಒಣ ದಿನಗಳಲ್ಲಿ ಮಣ್ಣಿಗಿಳಿದು ಸುಮ್ಮನಾಗುತ್ತದೆ.

ದೂರದೂರು, ಬ್ರಿಸ್ಬೇನ್

ಹುಟ್ಟಿದ್ದು ಚಿತ್ರದುರ್ಗದ ಕಡೆ, ಈಗ ಇರುವುದು ಆಸ್ಟ್ರೇಲಿಯಾದಲ್ಲಿ. ನೀವು ಹೇಳಿದ್ದನ್ನೆಲ್ಲ ನಾನು ಇಲ್ಲಿ ತಿರುಗಿಸಿ ನೋಡಿದ್ದೇನೆ.

ನಮ್ಮೂರ ಕರಿಜಾಲಿ ಗೊತ್ತಲ್ವಾ? ಕುರಿಗೆ ಅದರ ಕಾಯಿ ಮೇವು, ನೇಗಿಲಿಗೆ ಅದರ ಮರ. ಇಲ್ಲಿ ಕ್ವೀನ್ಸ್‌ಲ್ಯಾಂಡಿನ ಹುಲ್ಲುಗಾವಲುಗಳಲ್ಲಿ ಅದೇ ಕರಿಜಾಲಿ ದೊಡ್ಡ ಪಿಡುಗು. ದನಗಳಿಗೆ ನೆರಳಾಗಲಿ, ಮೇವಾಗಲಿ ಅಂತ ತಂದಿದ್ದು. ಈಗ ಅದನ್ನು ತೆಗೆಯಲು ಸರ್ಕಾರ, ರೈತರು ಎಲ್ಲ ಒದ್ದಾಡುತ್ತಿದ್ದಾರೆ. ಇನ್ನೂ ಆಶ್ಚರ್ಯ ಅಂದರೆ ಬೇವು. ಯುಗಾದಿ ದಿನ ನಾವು ಬಾಯಿಗೆ ಹಾಕಿಕೊಳ್ಳುವ ಬೇವು ಇಲ್ಲಿನ ಉತ್ತರ ಭಾಗದಲ್ಲಿ ಕಾನೂನಿನ ಪ್ರಕಾರ ಘೋಷಿತ ಕಳೆ. ನದಿ ದಂಡೆಗಳಲ್ಲಿ ಹಬ್ಬುತ್ತಿದೆ. ಅದೇ ಹೊತ್ತಿಗೆ ಇಲ್ಲಿನ ನೀಲಗಿರಿ, ಅಕೇಶಿಯಾ ಅಲ್ಲಿ ನಮ್ಮ ಗುಡ್ಡಗಳ ಮೇಲೆ ನಿಂತಿವೆ. ಇಲ್ಲಿ ನೀಲಗಿರಿ ಎಲೆ ಕೋಲಾಗೆ ಅನ್ನ.

ಇದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನೇಟಿವ್ ಅನ್ನೋದು ಗಿಡದ ಗುಣ ಹೇಳುವ ಪದವಲ್ಲ, ಅದರ ವಿಳಾಸ ಹೇಳುವ ಪದ.

ಇನ್ನೊಂದು. 'ಬಳ್ಳಾರಿ ಜಾಲಿ' ಅಂತ ಹೆಸರಿದೆ ಅಂತ ಅದನ್ನು ನಮ್ಮದು ಅಂದುಕೊಳ್ಳಬೇಡಿ. ಅದೂ ಅಮೆರಿಕ ಖಂಡದ್ದು. 19ನೇ ಶತಮಾನದ ಕೊನೆಯ ಹೊತ್ತಿಗೆ ಭಾರತಕ್ಕೆ ತಂದರು. ಕೆರೆ ಅಂಗಳಗಳನ್ನು ನುಂಗಿ ಕೂತಿದೆ. ನಮ್ಮಪ್ಪನ ಕಾಲಿಗೆ ಅದರ ಮುಳ್ಳು ಚುಚ್ಚಿ ಆರು ವಾರ ನಡೆಯಲು ಆಗಿರಲಿಲ್ಲ.

ಕೆರೆ ಏರಿ, ಹಾಸನ

ಹಾಗಾದರೆ ಹೊರಗಿನದನ್ನೆಲ್ಲ ಕಿತ್ತು ಹಾಕಬೇಕಾ? ಹುಣಸೆಯೂ ಆಫ್ರಿಕಾದಿಂದ ಬಂದದ್ದು ಅಂತ ಓದಿದ್ದೇನೆ.

ಕಾನುಮನೆ, ಶಿರಸಿ

ಬೇಡವೇ ಬೇಡ. ಹುಣಸೆ ಬಂದು ಎಷ್ಟೋ ಕಾಲ ಆಗಿದೆ. ನಮ್ಮ ಸಾರಿನಲ್ಲಿ, ಗಾದೆಯಲ್ಲಿ, ದೆವ್ವದ ಕಥೆಯಲ್ಲಿ ಸೇರಿಕೊಂಡುಬಿಟ್ಟಿದೆ. ತಾನಾಗಿ ಹುಟ್ಟುತ್ತದೆ, ಆದರೆ ಯಾರನ್ನೂ ತುಳಿಯುವುದಿಲ್ಲ. ಇಂಥದ್ದಕ್ಕೆ ನ್ಯಾಚುರಲೈಸ್ಡ್ ಅನ್ನುತ್ತಾರೆ, ಅಂದರೆ ಊರವನೇ ಆದ ಗಿಡ. ದೇವನಹಳ್ಳಿ ಹತ್ತಿರ ನಲ್ಲೂರಿನಲ್ಲಿ ಹಳೇ ಹುಣಸೆ ತೋಪು ಇದೆ. ಕಾಂಡ ಟೊಳ್ಳಾಗಿ, ಗಂಟು ಗಂಟಾಗಿ, ಆದರೂ ಚಿಗುರುತ್ತಾ ನಿಂತ ಮರಗಳು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದದ್ದು ಆ ತೋಪು.

ಬೆಂಗಳೂರಿನ ಬೀದಿ ಮರಗಳ ಕಥೆಯೂ ಹಾಗೇ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರು, ವರ್ಷದ ಯಾವುದೇ ತಿಂಗಳಲ್ಲಿ ಒಂದಲ್ಲ ಒಂದು ಬೀದಿ ಹೂ ಬಿಡಲಿ ಅಂತ ಮರ ಆರಿಸಿ ನೆಡಿಸಿದರು. ಗುಲ್‌ಮೊಹರ್ ಮಡಗಾಸ್ಕರದ್ದು, ಜಕರಂಡ ದಕ್ಷಿಣ ಅಮೆರಿಕದ್ದು. ಅವನ್ನು ಕಡಿಯಿರಿ ಅಂತ ನಾನು ಹೇಳಲಾರೆ. ಹೊಸದಾಗಿ ನೆಡುವಾಗ ಮಾತ್ರ ಈ ನೆಲದ್ದು ನೆಡಿ ಅನ್ನುತ್ತೇನೆ.

ಈಗ ಅಶೋಕ. ಅಕ್ಕನವರಿಗೆ ನರ್ಸರಿಯಲ್ಲಿ ಕೊಟ್ಟದ್ದು ಕಂಬದ ಅಶೋಕ. ಅದೂ ನಮ್ಮ ಕಡೆಯ ಮರವೇ. ಟೈಲ್ಡ್ ಜೇ ಅನ್ನೋ ಹಸಿರು ಚುಕ್ಕಿ ಚಿಟ್ಟೆಗೆ ತವರು, ಇಟ್ಟುಕೊಳ್ಳಿ. ಆದರೆ ಸೀತೆ ಕೂತ ಅಶೋಕ ಬೇರೆ. ಅದು ಕಿತ್ತಳೆ ಕೆಂಪಿನ ಗೊಂಚಲು ಹೂ ಬಿಡುವ ನೆರಳಿನ ಮರ. ತೊಗಟೆಯ ಔಷಧಿಗಾಗಿ ಸುಲಿದು ಸುಲಿದು ಕಾಡಿನಲ್ಲಿ ಕಡಿಮೆಯಾಗಿದೆ. ಅಳಿವಿನ ಅಪಾಯ ಇರುವ ಜೀವಿಗಳ ಕೆಂಪು ಪಟ್ಟಿ ಅಂತ ಇದೆಯಲ್ಲ, ಅದರಲ್ಲಿ ಶ್ರೀಗಂಧದ ಹಾಗೆ ಇದರ ಹೆಸರೂ ಇದೆ. ಒಂದೇ ಹೆಸರಿನಲ್ಲಿ ಎರಡು ಮರ ಇದ್ದಾಗ ಸಸ್ಯಶಾಸ್ತ್ರದ ಎರಡು ಪದದ ಹೆಸರು ಉಪಯೋಗಕ್ಕೆ ಬರುತ್ತದೆ. ನರ್ಸರಿಯಲ್ಲಿ 'ಸರಾಕ ಅಸೋಕ' ಅಂತಲೇ ಕೇಳಿ.

ಎರೆಹೊಲ, ರಾಣೆಬೆನ್ನೂರು

ಎಲ್ಲರೂ ಗಿಡ, ಮರ ಅಂತಲೇ ಮಾತಾಡುತ್ತಿದ್ದೀರಿ. ನಾನು ಹುಲ್ಲಿನ ಪರವಾಗಿ ಒಂದು ಮಾತು ಹೇಳಬೇಕು.

ಹ್ಯಾಬಿಟ್ಯಾಟ್ ಅಂದರೆ ನೆಲೆ. ಒಂದು ಜೀವಕ್ಕೆ ಊಟ, ನೀರು, ಅಡಗಲು ಜಾಗ, ಮರಿ ಮಾಡಲು ಜಾಗ ಎಲ್ಲ ಸಿಗುವ ತಾಣ. ನಮ್ಮ ಕಡೆ ಕೃಷ್ಣಮೃಗಕ್ಕೆ ನೆಲೆ ಅಂದರೆ ಬಯಲು. ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು. ಅದಕ್ಕೆ ಕಾಡು ಬೇಡ. ಆದರೆ ಕಾಗದಪತ್ರದಲ್ಲಿ ಈ ಹುಲ್ಲು ಬಯಲಿಗೆ ಏನಂತ ಬರೆಯುತ್ತಾರೆ ಗೊತ್ತಾ? ಬಂಜರು. ಬಂಜರು ಅಂದ ಮೇಲೆ ಗಿಡ ನೆಟ್ಟು ಹಸಿರು ಮಾಡೋಣ ಅಂತ ಹೊರಡುತ್ತಾರೆ. ನಮ್ಮ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ, 1974ರಲ್ಲಿ ಆದದ್ದು. ಅದರ ಬಹುಪಾಲು ನೀಲಗಿರಿ ತೋಪು. ಬಯಲಿನ ಪ್ರಾಣಿ ಮರದ ಸಾಲಿನ ನಡುವೆ ನಿಂತಿದ್ದು ನೋಡಿದರೆ ನನಗೆ ಕರುಳು ಕಿವುಚುತ್ತದೆ.

ಬೆಳಗಿನ ಹೊತ್ತು ಹುಲ್ಲಿನಲ್ಲಿ ಕೂತು ನೋಡಿ. ಬಾನಾಡಿ ನೆಟ್ಟಗೆ ಮೇಲೇರಿ ಹಾಡುತ್ತದೆ. ಅದರ ಗೂಡು ನೆಲದ ಮೇಲೆ, ಒಂದು ಹುಲ್ಲಿನ ಬುಡದಲ್ಲಿ, ಗೊರಸಿನ ಗುಂಡಿಯಷ್ಟು ಜಾಗದಲ್ಲಿ. ಅಲ್ಲಿ ಗುಂಡಿ ತೋಡಿ ಸಸಿ ನೆಟ್ಟರೆ ಆ ಗೂಡು ಹೋಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಈಗ ಅಭಯಾರಣ್ಯ ಮಾಡಿದ್ದಾರೆ. ಅದೂ ಕುರುಚಲು ಮತ್ತು ಹುಲ್ಲಿನ ನೆಲವೇ. ವನಮಹೋತ್ಸವಕ್ಕೆ ಜಾಗ ಹುಡುಕುವವರು ಕಾವಲು, ಗೋಮಾಳ ಬಿಟ್ಟು ಬೇರೆ ಕಡೆ ನೋಡಿ ಅಂತ ಕೈಮುಗಿದು ಕೇಳುತ್ತೇನೆ.

ಮಹಡಿ ತೋಟ, ಬೆಂಗಳೂರು

ಅಣ್ಣ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮರ ನೆಟ್ಟರೆ ಒಳ್ಳೇದೇ ಅಂತಲೇ ಇದ್ದೆ. ಅಕ್ಕ ಕೇಳಿದ್ದರಲ್ಲಿ ಕೀಸ್ಟೋನ್ ಒಂದು ಉಳಿದಿದೆ, ಕಾನುಮನೆಯವರೇ ಹೇಳಲಿ.

ಕಾನುಮನೆ, ಶಿರಸಿ

ಕಲ್ಲಿನ ಕಮಾನು ನೋಡಿದ್ದೀರಲ್ಲ. ನಡುನೆತ್ತಿಯಲ್ಲಿ ಒಂದು ಕಲ್ಲು ಇರುತ್ತದೆ. ಅದನ್ನು ಎಳೆದರೆ ಉಳಿದವೂ ಬೀಳುತ್ತವೆ. ಕಾಡಿನಲ್ಲೂ ಅಂಥ ಜೀವಿಗಳಿವೆ. 1969ರಲ್ಲಿ ರಾಬರ್ಟ್ ಪೇಯ್ನ್ ಅನ್ನುವ ವಿಜ್ಞಾನಿ, ಸಮುದ್ರ ದಂಡೆಯ ನಕ್ಷತ್ರ ಮೀನನ್ನು ಅಭ್ಯಾಸ ಮಾಡುತ್ತಾ ಈ ಹೆಸರು ಕೊಟ್ಟರು.

ನಮ್ಮ ಕಡೆ ಅದಕ್ಕೆ ಒಳ್ಳೆಯ ಉದಾಹರಣೆ ಅತ್ತಿ, ಆಲ, ಬಸರಿ, ಗೋಣಿ ಮರಗಳು. ಎಲ್ಲ ಒಂದೇ ಬಳಗ. ಬೇರೆ ಮರಗಳೆಲ್ಲ ತಮ್ಮ ಕಾಲಕ್ಕೆ ಹಣ್ಣು ಬಿಟ್ಟು ಮುಗಿಸುತ್ತವೆ. ಈ ಬಳಗದಲ್ಲಿ ಒಂದಲ್ಲ ಒಂದು ಮರ ವರ್ಷದ ಯಾವುದೋ ತಿಂಗಳಲ್ಲಿ ಹಣ್ಣು ಹೊತ್ತಿರುತ್ತದೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆ, ಕುಟ್ರು, ಬಾವಲಿ, ಮಂಗ ಎಲ್ಲಕ್ಕೂ ಅದೇ ಊಟ.

ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಗಾದೆ ಮಾತು ಇದೆಯಲ್ಲ, ಅದರ ಒಳಗೇ ಗುಟ್ಟು ಇರುವುದು. ಅತ್ತಿ ಹೂ ಯಾರೂ ಕಂಡಿಲ್ಲ ಅನ್ನುತ್ತಾರೆ. ಹೂ ಇರುವುದು ಕಾಯಿಯ ಒಳಗೆ. ಸೊಳ್ಳೆಗಿಂತ ಚಿಕ್ಕ ಕಣಜವೊಂದು ಕಾಯಿಯ ತುದಿಯ ಸಣ್ಣ ಕಿಂಡಿಯಿಂದ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಮುರಿದುಹೋಗುತ್ತದೆ. ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದರ ಮಕ್ಕಳು ಪರಾಗ ಹೊತ್ತು ಹೊರಗೆ ಬಂದು ಇನ್ನೊಂದು ಮರ ಹುಡುಕುತ್ತವೆ. ಅತ್ತಿಗೆ ಅತ್ತಿಯದೇ ಕಣಜ, ಆಲಕ್ಕೆ ಆಲದ್ದೇ. ಪರಾಗಸ್ಪರ್ಶ ಅಂದರೆ ಜೇನುಹುಳ ಮಾತ್ರ ನೆನಪಾಗುತ್ತದೆ. ಇಂಥ ಕೆಲಸ ಎಷ್ಟು ಜೀವಗಳು ಮಾಡುತ್ತಿವೆ ನೋಡಿ.

ಅಕ್ಕ, ಐದು ಅಡಿ ಜಾಗದಲ್ಲಿ ಅತ್ತಿ ನೆಡಬೇಡಿ, ಗೋಡೆ ಸೀಳುತ್ತದೆ. ಊರ ದೇವಸ್ಥಾನದ ಬಯಲಿನಲ್ಲಿ ನೆಡಿಸಿ. ನಿಮ್ಮ ಜಾಗಕ್ಕೆ ಒಂದು ಕಕ್ಕೆ ಅಥವಾ ಬಿಲ್ವ, ಕೆಳಗೆ ಗೊರಟೆ, ಕೇಪಳ, ಗೋಡೆಗೆ ಈಶ್ವರಿ ಬಳ್ಳಿ ಸಾಕು. ಬಿದ್ದ ಎಲೆ ಗುಡಿಸಿ ಸುಡಬೇಡಿ, ಬುಡಕ್ಕೇ ಹಾಸಿ. ಮಲ್ಚಿಂಗ್ ಅನ್ನುವುದು ಇದಕ್ಕೇ, ನಾವು ಮುಚ್ಚಿಗೆ ಅನ್ನುತ್ತೇವೆ. ನಮ್ಮ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಹಾಕುವುದೂ ಅದೇ ಕೆಲಸಕ್ಕೆ. ತೇವ ಆರುವುದಿಲ್ಲ, ಎರೆಹುಳು ಮೇಲೆ ಬರುತ್ತವೆ.

ಕೆರೆ ಏರಿ, ಹಾಸನ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎರಡೂ ಒಂದೇನಾ? ಮಗಳು ಕೇಳಿದಳು.

ಬೆಟ್ಟದ ತಪ್ಪಲು, ಚಾಮರಾಜನಗರ

ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಅಭಯಾರಣ್ಯದಲ್ಲಿ ಜನರ ಕೆಲವು ಹಕ್ಕುಗಳಿಗೆ ಅವಕಾಶ ಇರಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ನಿಯಮ ಇನ್ನೂ ಬಿಗಿ, ದನ ಮೇಯಿಸುವ ಹಾಗಿಲ್ಲ. ಮೂರನೆಯದು ಸಮುದಾಯ ಮೀಸಲು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಅಂಥದ್ದು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ.

ಹೊಸಮನೆ, ತುಮಕೂರು

ಎಲ್ಲರಿಗೂ ಕೈಮುಗಿಯುತ್ತೇನೆ. ಒಂದು ಅವಸರದ ವಿಷಯ. ನಮ್ಮ ಪಕ್ಕದ ಖಾಲಿ ಸೈಟಿಗೆ ಸೋಮವಾರ ಜೆಸಿಬಿ ಬರುತ್ತದಂತೆ. ನೀವು ಹೇಳಿದ ಮೇಲೆ ಇವತ್ತು ಒಳಗೆ ಹೋಗಿ ನೋಡಿದೆ. ಕಾಂಗ್ರೆಸ್ ಗಿಡ ಸೊಂಟದುದ್ದ. ನಡುವೆ ತುಂಬೆ ಇದೆ. ಮೂಲೆಯಲ್ಲಿ ಒಂದು ದೊಡ್ಡ ಎಕ್ಕ. ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟಿಯ ಹುಳಗಳು, ಏಳು ಎಣಿಸಿದೆ. ಏನು ಮಾಡಲಿ?

ಮಹಡಿ ತೋಟ, ಬೆಂಗಳೂರು

ಪ್ಲೇನ್ ಟೈಗರ್ ಮರಿಗಳು ಅಕ್ಕ! ಎಕ್ಕದ ಬೇರು ಆಳ ಹೋಗುತ್ತದೆ, ದೊಡ್ಡ ಗಿಡ ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಹೆಬ್ಬೆರಳು ದಪ್ಪದ ಎರಡು ಕಡ್ಡಿ ಕತ್ತರಿಸಿ ಕುಂಡದಲ್ಲಿ ಊರಿ. ಹಾಲು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ತುಂಬ ಉರಿಯುತ್ತದೆ. ಕಡ್ಡಿ ಚಿಗುರುವವರೆಗೆ ಹುಳಗಳಿಗೆ ಬೇರೆ ಎಕ್ಕ ಬೇಕು. ಕೈಯಲ್ಲಿ ಹಿಡಿಯಬೇಡಿ, ಕೂತ ಎಲೆ ಸಮೇತ ಕತ್ತರಿಸಿ ಒಯ್ಯಿರಿ.

ಬೆಟ್ಟದ ತಪ್ಪಲು, ಚಾಮರಾಜನಗರ

ತುಂಬೆಯ ಒಣಗಿದ ತೆನೆಗಳನ್ನು ಕಾಗದದ ಮೇಲೆ ಕುಟ್ಟಿ, ಬೀಜ ಉದುರುತ್ತದೆ. ಕಾಂಗ್ರೆಸ್ ಗಿಡ ಹೂ ಬಿಟ್ಟಿದ್ದರೆ ಮುಟ್ಟಬೇಡಿ, ಬೀಜ ನಿಮ್ಮ ಸೆರಗಿಗೇ ಅಂಟಿ ಮನೆಗೆ ಬರುತ್ತದೆ. ನಿಮ್ಮ ಜಾಗದಲ್ಲಿ ಮುಂದೆ ಮೊಳೆತರೆ, ಮಳೆ ಬಿದ್ದ ಮಾರನೇ ದಿನ, ಹೂವಿಗೆ ಮುಂಚೆ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿ.

ಹೊಸಮನೆ, ತುಮಕೂರು

ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ತುಂಬೆ ಬೀಜ ಅರ್ಧ ಚಮಚ ಸಿಕ್ಕಿತು, ಪೊಟ್ಟಣ ಕಟ್ಟಿಟ್ಟಿದ್ದೇನೆ. ಎಕ್ಕದ ಮೂರು ಕಡ್ಡಿ ಊರಿದ್ದೇನೆ. ಹುಳಗಳನ್ನು ಎಲೆ ಸಮೇತ ತಟ್ಟೆಯಲ್ಲಿಟ್ಟುಕೊಂಡು ಆಂಜನೇಯನ ಗುಡಿ ಹಿಂದಿನ ಎಕ್ಕಕ್ಕೆ ಒಯ್ದೆ. ಎಣಿಸಿದ್ದು ಏಳು, ಕತ್ತರಿಸುವಾಗ ಇನ್ನೆರಡು ಸಿಕ್ಕವು. ಒಂಬತ್ತೂ ಹೊಸ ಎಲೆಗೆ ದಾಟಿಕೊಂಡವು, ಕತ್ತಲಾಗುವವರೆಗೆ ನಿಂತು ನೋಡಿದೆ. ಅರ್ಚಕರು ಬಂದು ಏನಮ್ಮ ಅಂತ ಕೇಳಿದರು. ಹೇಳಿದೆ. "ಸ್ವಾಮಿಗೆ ಹೂ ಸಾಕಮ್ಮ, ಎಲೆ ನಾನು ಮುಟ್ಟುವುದಿಲ್ಲ" ಅಂದರು. ನಾಳೆ ಬೆಳಗ್ಗೆ ಜೆಸಿಬಿ ಬರುವ ಮುಂಚೆ ಇನ್ನೊಮ್ಮೆ ಆ ಮೂಲೆಯ ಎಲೆಗಳನ್ನೆಲ್ಲ ಮಗುಚಿ ನೋಡಿ ಬರುತ್ತೇನೆ.